ಮಡಿ, ಕಣಜ, ಗೀಳು: ಪಶ್ಚಿಮ ಬೆಂಗಳೂರಿನ ಗೃಹಸಂಸ್ಕೃತಿಯಲ್ಲಿ ಒಂದು ಮನೋರೋಗದ ಸ್ತ್ರೀ-ಪುರುಷ ರೂಪಗಳು

1. ಪ್ರವೇಶ

ಕನ್ನಡದ ‘ಗೀಳು’ ಎಂಬ ಪದ ಎರಡು ನೆಲೆಗಳಲ್ಲಿ ಬಳಕೆಯಾಗುತ್ತಿದೆ. ಸಿನಿಮಾ ಗೀಳು, ಓದಿನ ಗೀಳು, ನಾಟಕದ ಗೀಳು ಎಂದು ಜನ ಆಡುವಾಗ ಅದು ಅತಿಯಾದ ಆಸಕ್ತಿಯನ್ನು ಸೂಚಿಸುತ್ತದೆ. ಆ ಮಾತಿನಲ್ಲಿ ಹಾಸ್ಯದೊಡನೆ ಸ್ವಲ್ಪ ಮೆಚ್ಚುಗೆಯೂ ಬೆರೆತಿರುತ್ತದೆ. ಮನೋವೈದ್ಯರು ‘ಗೀಳು ಮನೋರೋಗ’ ಎನ್ನುವಾಗ ಅದೇ ಪದ, ಬೇಡವೆಂದರೂ ಮರುಕಳಿಸುವ ಆಲೋಚನೆಯನ್ನೂ ಅದರಿಂದ ಹುಟ್ಟುವ ಆತಂಕವನ್ನು ತಣಿಸಲು ಮತ್ತೆ ಮತ್ತೆ ಮಾಡಲೇಬೇಕೆನಿಸುವ ಕ್ರಿಯೆಯನ್ನೂ ಹೇಳುತ್ತದೆ. ಮೊದಲನೆಯದರಲ್ಲಿ ಸುಖವಿದೆ, ಎರಡನೆಯದರಲ್ಲಿ ಅದರ ಲೇಶವೂ ಇಲ್ಲ. ಒಂದೇ ಪದ ಎರಡನ್ನೂ ಹೊತ್ತಿರುವುದರಿಂದ ರೋಗವು ಹವ್ಯಾಸದ ಹೆಸರಿನಲ್ಲಿ ಮರೆಯಾಗಿ ಉಳಿಯುವುದು ಸುಲಭವಾಗಿದೆ.

ಈ ರೋಗ ಹಾಗೂ ಇದಕ್ಕೆ ಸಮೀಪದ್ದಾದ, ವಸ್ತುಗಳನ್ನು ಕೂಡಿಡುವ ಗೀಳು ಹೆಂಗಸರಲ್ಲಿಯೂ ಗಂಡಸರಲ್ಲಿಯೂ ಒಂದೇ ರೂಪದಲ್ಲಿ ಕಾಣಿಸಿಕೊಳ್ಳುವುದಿಲ್ಲ ಎಂಬುದನ್ನು ಮನೋವೈದ್ಯಶಾಸ್ತ್ರ ಗುರುತಿಸಿದೆ. ಆದರೆ ಆ ವ್ಯತ್ಯಾಸಗಳಲ್ಲಿ ದೇಹಕ್ಕೆ ಸೇರಿದ್ದೆಷ್ಟು, ರೋಗವನ್ನು ಗುರುತಿಸುವ ಮನೆಯ ಕಣ್ಣಿಗೆ ಸೇರಿದ್ದೆಷ್ಟು ಎಂಬ ಪ್ರಶ್ನೆ ಜಾನಪದ ಅಧ್ಯಯನಕ್ಕೂ ಸಂಬಂಧಿಸಿದ್ದಾಗಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳನ್ನೊಳಗೊಂಡ ಪಶ್ಚಿಮ ಬೆಂಗಳೂರಿನ ಗೃಹಜೀವನವನ್ನು ಹಿನ್ನೆಲೆಯಾಗಿರಿಸಿಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಯಾವ ನಡವಳಿಕೆ ಯಾರಲ್ಲಿ ಕಂಡಾಗ ಅದನ್ನು ರೋಗವೆಂದು ಕರೆಯಬೇಕು ಎಂಬುದನ್ನು ಆಸ್ಪತ್ರೆಗಿಂತ ಮೊದಲು ಮನೆಮಾತು ತೀರ್ಮಾನಿಸುತ್ತದೆ ಎಂಬುದು ಇಲ್ಲಿನ ಮುಖ್ಯ ವಾದ.

2. ವೈದ್ಯಶಾಸ್ತ್ರದ ನಿರೂಪಣೆ

ಗೀಳು ಮನೋರೋಗದಲ್ಲಿ ಎರಡು ಅಂಗಗಳಿವೆ. ಕೈಗೆ ಕೊಳೆ ಅಂಟಿದೆ, ಬೀಗ ಹಾಕಿಲ್ಲ, ದೇವರ ಎದುರಿನಲ್ಲಿ ಕೆಟ್ಟ ಮಾತು ಮನಸ್ಸಿಗೆ ಬಂದಿತು, ತನ್ನಿಂದ ಯಾರಿಗೋ ಕೇಡಾಗುತ್ತದೆ ಎಂಬಂತಹ ಬಲವಂತದ ಆಲೋಚನೆ ಒಂದು. ತೊಳೆಯುವುದು, ಪರೀಕ್ಷಿಸುವುದು, ಎಣಿಸುವುದು, ಸಾಲಾಗಿ ಜೋಡಿಸುವುದು, ಮನಸ್ಸಿನಲ್ಲೇ ಜಪಿಸುವುದು ಮುಂತಾದ ಪರಿಹಾರಕ್ರಿಯೆ ಇನ್ನೊಂದು. ಕ್ರಿಯೆಯಿಂದ ಆತಂಕ ಕ್ಷಣಕಾಲ ಇಳಿಯುತ್ತದೆ; ಹಾಗೆ ಇಳಿದದ್ದೇ ಮುಂದಿನ ಸಲ ಅದೇ ಕ್ರಿಯೆಯನ್ನು ಅನಿವಾರ್ಯವಾಗಿಸುತ್ತದೆ. ರೋಗಿಗೆ ತನ್ನ ಆಲೋಚನೆ ಅತಿರೇಕದ್ದೆಂಬ ಅರಿವು ಬಹುಮಟ್ಟಿಗೆ ಇರುತ್ತದೆ. ಅರಿವಿದ್ದೂ ನಿಲ್ಲಿಸಲಾಗದಿರುವುದೇ ಈ ರೋಗದ ಸಂಕಟ.

ಕೂಡಿಡುವ ಗೀಳನ್ನು ಬಹುಕಾಲ ಗೀಳು ಮನೋರೋಗದ ಒಂದು ಲಕ್ಷಣವೆಂದೇ ಎಣಿಸಲಾಗುತ್ತಿತ್ತು. 1996ರಲ್ಲಿ ರ‍್ಯಾಂಡಿ ಫ್ರಾಸ್ಟ್ ಮತ್ತು ಟಮಾರಾ ಹಾರ್ಟ್ಲ್ ಇದಕ್ಕೆ ಸ್ಪಷ್ಟವಾದ ವ್ಯಾಖ್ಯೆ ನೀಡಿದರು. ಅಮೆರಿಕದ ಮನೋವೈದ್ಯ ಸಂಘ 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ ಇದನ್ನು ಸ್ವತಂತ್ರ ರೋಗವೆಂದು ಪರಿಗಣಿಸಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗವರ್ಗೀಕರಣವೂ ಇದನ್ನು ಪ್ರತ್ಯೇಕವಾಗಿ ಗುರುತಿಸುತ್ತದೆ. ವಸ್ತುವಿನ ನಿಜಬೆಲೆ ಏನೇ ಇರಲಿ ಅದನ್ನು ಬಿಸಾಡಲು ತೀವ್ರ ಸಂಕಟ, ಅದರಿಂದಾಗಿ ಮಲಗುವ, ಉಣ್ಣುವ, ಓಡಾಡುವ ಜಾಗಗಳು ಆ ಕೆಲಸಗಳಿಗೆ ದೊರೆಯದಷ್ಟು ತುಂಬಿಹೋಗುವುದು ಇದರ ಮುಖ್ಯ ಲಕ್ಷಣಗಳು. ಚಿಕ್ಕ ವಯಸ್ಸಿನಲ್ಲೇ ಮೊಳೆತು ಇಳಿವಯಸ್ಸಿನಲ್ಲಿ ಹೆಚ್ಚು ಗೋಚರವಾಗುವುದು ಇದರ ಸ್ವಭಾವ.

ಸ್ತ್ರೀ-ಪುರುಷ ವ್ಯತ್ಯಾಸಗಳ ಬಗ್ಗೆ ಕೆಲವು ಅಂಶಗಳು ಹಲವು ದೇಶಗಳ ಅಧ್ಯಯನಗಳಲ್ಲಿ ಮರುಕಳಿಸಿವೆ. ಗೀಳು ಮನೋರೋಗ ಗಂಡುಮಕ್ಕಳಲ್ಲಿ ಬೇಗ, ಎಷ್ಟೋ ವೇಳೆ ಹತ್ತು ವರ್ಷ ತುಂಬುವ ಮೊದಲೇ ಆರಂಭವಾಗುತ್ತದೆ. ಹೆಣ್ಣುಮಕ್ಕಳಲ್ಲಿ ಹರೆಯದಲ್ಲಿ ಅಥವಾ ಅನಂತರ, ಕೆಲವರಲ್ಲಿ ಬಸಿರು-ಬಾಣಂತನದ ಕಾಲದಲ್ಲಿ ತಲೆದೋರುತ್ತದೆ. ಹೆಂಗಸರಲ್ಲಿ ಕೊಳೆಯ ಭಯ, ತೊಳೆಯುವ ಕ್ರಿಯೆ ಹೆಚ್ಚು. ಗಂಡಸರಲ್ಲಿ ಸಮತೆ-ಜೋಡಣೆಯ ಹಟ, ಲೈಂಗಿಕ ಹಾಗೂ ಧಾರ್ಮಿಕ ಸ್ವರೂಪದ ನಿಷಿದ್ಧ ಆಲೋಚನೆಗಳು ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಭಾರತೀಯ ರೋಗಿಗಳನ್ನು ಕುರಿತು 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಬಹುತೇಕ ಇದೇ ಚಿತ್ರವನ್ನು ಕೊಡುತ್ತದೆ. 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹಾಗೂ ಅದಕ್ಕೂ ಹಳೆಯದಾದ ಮಾನಸಿಕ ಆಸ್ಪತ್ರೆ 1974ರಲ್ಲಿ ಒಂದುಗೂಡಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ಗೀಳು ಮನೋರೋಗಕ್ಕೆಂದೇ ವಿಶೇಷ ಚಿಕಿತ್ಸಾಲಯವಿದೆ. ಪಶ್ಚಿಮದ ಬಡಾವಣೆಗಳ ಜನರೂ ಅಲ್ಲಿಗೆ ಹೋಗುತ್ತಾರೆ.

3. ಎರಡು ಎಣಿಕೆಗಳು

ರೋಗಿಗಳನ್ನು ಎಣಿಸಲು ಎರಡು ಸ್ಥಳಗಳಿವೆ: ಆಸ್ಪತ್ರೆಯ ಬಾಗಿಲು ಮತ್ತು ಮನೆಯ ಬಾಗಿಲು. ಈ ಎರಡು ಎಣಿಕೆಗಳು ಹೊಂದುವುದಿಲ್ಲ ಎಂಬುದೇ ಈ ವಿಷಯದಲ್ಲಿ ಅತ್ಯಂತ ಗಮನಾರ್ಹವಾದ ಸಂಗತಿ.

ಭಾರತದಲ್ಲಿ ಆಸ್ಪತ್ರೆಗಳನ್ನು ಆಧರಿಸಿದ ಗೀಳು ಮನೋರೋಗದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಗಂಡಸರ ಸಂಖ್ಯೆ ಹೆಚ್ಚು. ಆದರೆ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಈ ರೋಗ ವಯಸ್ಕರಲ್ಲಿ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಕಡಿಮೆ ಪ್ರಮಾಣದಲ್ಲಿಯೂ, ಗಂಡಸರಿಗಿಂತ ಹೆಂಗಸರಲ್ಲಿ ತುಸು ಹೆಚ್ಚಾಗಿಯೂ, 18ರಿಂದ 29ರ ವಯೋಮಾನದವರಲ್ಲಿ ಮತ್ತು ಮಹಾನಗರವಾಸಿಗಳಲ್ಲಿ ಇನ್ನೂ ಹೆಚ್ಚಾಗಿಯೂ ಕಂಡುಬಂದಿದೆ. ಅವರಲ್ಲಿ ಬಹುಪಾಲು ಜನ ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಆ 12 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲವಾದ್ದರಿಂದ ಆ ಅಂಕಿಗಳನ್ನು ಬೆಂಗಳೂರಿಗೆ ನೇರವಾಗಿ ಅನ್ವಯಿಸಲಾಗದು; ಆದರೆ ಎರಡು ಎಣಿಕೆಗಳ ದಿಕ್ಕು ಬೇರೆ ಎಂಬುದು ಸ್ಪಷ್ಟ. ಮನೆಯಲ್ಲಿ ರೋಗದಿಂದ ನರಳುವ ಹೆಂಗಸು ಆಸ್ಪತ್ರೆಯನ್ನು ತಲುಪುತ್ತಿಲ್ಲ.

ಕೂಡಿಡುವ ಗೀಳಿನ ವಿಚಾರದಲ್ಲಿ ಇದು ತಿರುವುಮುರುವಾಗಿದೆ. ಪಾಶ್ಚಾತ್ಯ ದೇಶಗಳ ಕೆಲವು ಜನಸಮೀಕ್ಷೆಗಳಲ್ಲಿ ಗಂಡಸರು ಹೆಚ್ಚು, ಚಿಕಿತ್ಸೆಗೆ ಬಂದವರಲ್ಲಿ ಹೆಂಗಸರೇ ಹೆಚ್ಚು ಎಂದು 2013ರ ಕೈಪಿಡಿಯೇ ದಾಖಲಿಸಿದೆ. ಹೆಂಗಸರಲ್ಲಿ ಅತಿಯಾಗಿ ಕೊಂಡು ತರುವ ಪ್ರವೃತ್ತಿ ಹೆಚ್ಚೆಂದೂ ಅದು ಸೂಚಿಸುತ್ತದೆ. ಅನೇಕ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಈ ರೋಗದ ಪ್ರಮಾಣ ನೂರಕ್ಕೆ ಸುಮಾರು 2.5 ಎಂದೂ ಗಂಡು-ಹೆಣ್ಣುಗಳ ನಡುವೆ ಗಣನೀಯ ಅಂತರವಿಲ್ಲವೆಂದೂ ಹೇಳಿದೆ. ಎಂದಮೇಲೆ ಆಸ್ಪತ್ರೆಯಲ್ಲಿ ಕಾಣುವ ಲಿಂಗಾನುಪಾತ ರೋಗದ ಅನುಪಾತವೇ ಎಂದು ಭಾವಿಸುವಂತಿಲ್ಲ. ಯಾರನ್ನು, ಯಾವಾಗ, ಯಾರು ಕರೆದುತಂದರು ಎಂಬುದು ಅದರಲ್ಲಿ ಬೆರೆತಿದೆ. ಇದನ್ನು ವಿವರಿಸಲು ಮನೆಯೊಳಕ್ಕೆ ಹೋಗಬೇಕಾಗುತ್ತದೆ.

4. ನೀರು ಮತ್ತು ಮಡಿ

ರಾಜಾಜಿನಗರ 1949ರಲ್ಲಿ ಕೈಗಾರಿಕಾ ಉಪನಗರವಾಗಿ ಅಸ್ತಿತ್ವಕ್ಕೆ ಬಂದದ್ದು. ಅದರ ಸುತ್ತಲಿನ ವಿಜಯನಗರ, ಬಸವೇಶ್ವರನಗರಗಳು ಅನಂತರದ ದಶಕಗಳಲ್ಲಿ ಹಳೆಯ ಹಳ್ಳಿಗಳ ಹೊಲಗದ್ದೆಗಳ ಮೇಲೆ ಬೆಳೆದವು. ಕೆಂಗೇರಿ ಮೈಸೂರು ರಸ್ತೆಯ ಹಳೆಯ ಊರು. ಅದರ ಪಕ್ಕದಲ್ಲಿ ಉಪನಗರ ಎದ್ದಿತು. ಗಿರಣಿ ಮತ್ತು ಕಾರ್ಖಾನೆಗಳ ಕಾರ್ಮಿಕರು, ಸರ್ಕಾರಿ ನೌಕರರು, ಸಣ್ಣ ವರ್ಕ್‌ಷಾಪುಗಳ ಒಡೆಯರು, ತುಮಕೂರು-ಮಾಗಡಿ-ಮಂಡ್ಯ-ಹಾಸನ ಕಡೆಗಳಿಂದ ಬಂದ ಕುಟುಂಬಗಳು ಇಲ್ಲಿ ನೆಲೆಸಿದವು. ಊರಿನ ತೊಟ್ಟಿಮನೆಯ ಆಚರಣೆಗಳು ವಠಾರದ ಎರಡು ಕೋಣೆಗಳಿಗೂ, ಇಪ್ಪತ್ತು-ಮೂವತ್ತರ ನಿವೇಶನಗಳಿಗೂ ಇಳಿದವು. ಹಿತ್ತಲ ಬಾವಿಯ ಬದಲು ಬೀದಿಯ ನಲ್ಲಿ ಬಂದಿತು. ನಗರಕ್ಕೆ 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನೀರು ಹರಿದು ಬಂದಿತಾದರೂ ಮನೆಯ ಹೆಂಗಸಿನ ಮಟ್ಟಿಗೆ ನೀರೆಂಬುದು ‘ಬಿಡುವ’ ಹೊತ್ತಿಗೆ ಹಿಡಿದಿಡಬೇಕಾದ ವಸ್ತುವಾಗಿಯೇ ಉಳಿಯಿತು. ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿ ತೊಳೆಯುವ ಗೀಳು ಮೊದಲು ಕಾಣಿಸಿಕೊಳ್ಳುವುದು ಮನಸ್ಸಿನ ತೊಂದರೆಯಾಗಿ ಅಲ್ಲ, ನೀರಿನ ಜಗಳವಾಗಿ.

ಅದಕ್ಕೂ ಮೊದಲು ಅದು ಗುಣವಾಗಿ ಕಾಣಿಸಿಕೊಳ್ಳುತ್ತದೆ. ಮೂರು ಸಲ ಪಾತ್ರೆ ತೊಳೆಯುವವಳು ‘ಅಚ್ಚುಕಟ್ಟಿನವಳು’. ಹೊರಗಿನಿಂದ ಬಂದವರನ್ನು ಕಾಲು ತೊಳೆಯದೆ ಒಳಗೆ ಬಿಡದವಳು ‘ಆಚಾರವಂತೆ’. ಅದು ಹತ್ತು ಸಲಕ್ಕೆ ಏರಿದಾಗ ‘ಮಡಿಹುಚ್ಚು’ ಎಂಬ ಮಾತು ಬರುತ್ತದೆ. ಈ ಮಾತಿನಲ್ಲಿ ಹುಚ್ಚು ಎಂಬ ಪದವಿದ್ದರೂ ಅದು ವೈದ್ಯರ ಕಡೆಗೆ ಬೆರಳು ತೋರಿಸುವುದಿಲ್ಲ. ಅವಳ ಸ್ವಭಾವವೇ ಹಾಗೆ ಎಂದು ವಿಷಯವನ್ನು ಮುಗಿಸಿಬಿಡುತ್ತದೆ. ಬಂಗಾಳಿಯಲ್ಲಿ ಇದಕ್ಕೆ ಸಮಾನವಾದ ‘ಶುಚಿಬಾಯಿ’ ಎಂಬ ಪದವಿದೆ. ಕೊಲ್ಕತ್ತದ ಮನೋವೈದ್ಯೆ ಅಜಿತಾ ಚಕ್ರವರ್ತಿಯವರು ಸಹೋದ್ಯೋಗಿಯೊಡನೆ 1975ರಲ್ಲಿ ಬರೆದ ಲೇಖನದಲ್ಲಿ ಬಂಗಾಳಿ ಸಮಾಜದ ಈ ಶುದ್ಧಿಯ ವ್ಯಾಕುಲತೆಯನ್ನು ಗೀಳು ಮನೋರೋಗದೊಡನೆ ಹೋಲಿಸಿ ಪರಿಶೀಲಿಸಿದ್ದರು.

ಹಾಗಾದರೆ ಮಡಿಯೇ ರೋಗವೇ? ಎಂ.ಎನ್. ಶ್ರೀನಿವಾಸ್ ಅವರು ಕೊಡವರನ್ನು ಕುರಿತ 1952ರ ಗ್ರಂಥದಲ್ಲಿ ಮಡಿ ಮತ್ತು ಪೊಲೆ ಎಂಬ ಕಲ್ಪನೆಗಳನ್ನು ವಿವರಿಸಿದರು. ಎಡ್ವರ್ಡ್ ಹಾರ್ಪರ್ 1964ರಲ್ಲಿ ಮಲೆನಾಡಿನ ಹವ್ಯಕರ ನಡುವೆ ಮಡಿ, ಮೈಲಿಗೆ, ಮುಟ್ಟುಚಟ್ಟು ಎಂಬ ಮೂರು ಸ್ಥಿತಿಗಳ ಶ್ರೇಣಿಯನ್ನು ದಾಖಲಿಸಿದರು. ಈ ವಿವರಣೆಗಳಿಂದ ತಿಳಿದುಬರುವುದೆಂದರೆ, ಮಡಿಯೆಂಬುದು ಸಮುದಾಯ ಹಂಚಿಕೊಂಡ ವ್ಯಾಕರಣ. ಅದಕ್ಕೆ ಹೊತ್ತು, ಸ್ಥಳ, ಆರಂಭ, ಮುಕ್ತಾಯಗಳಿವೆ. ಪದದ ಬಳಕೆಯಲ್ಲೇ ಇದರ ಸೂಚನೆಯುಂಟು. ಮಡಿ ಎಂದರೆ ಒಗೆದ ಬಟ್ಟೆಯೂ ಹೌದು. ಅದನ್ನು ಮಾಡಿಕೊಡುವವನು ಮಡಿವಾಳ. ಮದುವೆ-ಉತ್ಸವಗಳಲ್ಲಿ ನಡೆಮಡಿ ಹಾಸುವವನೂ ಅವನೇ. ಅಂದರೆ ಮಡಿಯಾಯಿತೆಂಬುದಕ್ಕೆ ಇನ್ನೊಬ್ಬರ ಕೈಯ, ಇನ್ನೊಬ್ಬರ ಕಣ್ಣಿನ ಸಾಕ್ಷಿಯಿದೆ. ಗೀಳು ಹಿಡಿದವಳಿಗೆ ಈ ಸಾಕ್ಷಿ ಸಾಲದು. ಮಡಿಕೋಲಿನಿಂದ ತೆಗೆದ ಸೀರೆಯನ್ನು ಮನೆಮಂದಿಯೆಲ್ಲ ಮಡಿಯೆಂದು ಒಪ್ಪಿದರೂ ಅವಳ ಮನಸ್ಸು ಒಪ್ಪುವುದಿಲ್ಲ. ಬೇರೆಯವರ ಕೈಯಲ್ಲಿ ಮುಗಿಯಬೇಕಾದದ್ದು ಅವಳ ಕೈಯಲ್ಲಿ ಮುಗಿಯದೆ ಉಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಡಿ ನಿರುಪದ್ರವಿ ಆಚಾರವಲ್ಲ. ಜಾತಿಶ್ರೇಣಿಯನ್ನೂ ಅಸ್ಪೃಶ್ಯತೆಯನ್ನೂ ವಿಧವೆಯರ ಮೇಲಿನ ಕಟ್ಟುಪಾಡುಗಳನ್ನೂ ಎತ್ತಿಹಿಡಿದ ವ್ಯವಸ್ಥೆ ಅದು. ದಾಸರೂ ಶರಣರೂ ಅದನ್ನು ಟೀಕಿಸಿದ್ದು ಈ ಕಾರಣಕ್ಕಾಗಿಯೇ. ಮಡಿಯ ಹೆಸರಿನ ತಾರತಮ್ಯವನ್ನು ರೋಗವೆಂದು ಮನ್ನಿಸುವುದೂ, ರೋಗದಿಂದ ನರಳುವವಳನ್ನು ಮಡಿವಂತಿಕೆಯ ಅಹಂಕಾರಿ ಎಂದು ಜರೆಯುವುದೂ ಒಂದೇ ಬಗೆಯ ತಪ್ಪು ಓದುವಿಕೆಗಳಾಗುತ್ತವೆ.

5. ಬೀಗ, ಲೆಕ್ಕ, ಪಾಪ

ಗಂಡಸಿನ ಗೀಳಿಗೆ ಮನೆಮಾತಿನಲ್ಲಿ ಬೇರೆ ಹೆಸರುಗಳಿವೆ. ಬೀಗವನ್ನು ಹತ್ತು ಸಲ ಎಳೆದು ನೋಡುವವನು ‘ಜವಾಬ್ದಾರಿಯುಳ್ಳವನು’. ಗ್ಯಾಸು, ಮೋಟಾರು, ಸ್ಕೂಟರಿನ ಲಾಕು ಎಂದು ಮೂರು ಬಾರಿ ಹಿಂದಿರುಗಿ ಬರುವವನು ‘ಸಂಶಯದ ಪ್ರಾಣಿ’. ಲೆಕ್ಕವನ್ನು ಮತ್ತೆ ಮತ್ತೆ ಕೂಡುವವನು ‘ಕಟ್ಟುನಿಟ್ಟಿನ ಮನುಷ್ಯ’. ಇವುಗಳಲ್ಲಿ ಯಾವುದೂ ‘ಹುಚ್ಚು’ ಎಂಬ ಪದವನ್ನು ಒಳಗೊಂಡಿಲ್ಲ ಎಂಬುದು ಗಮನಾರ್ಹ. ಆದರೆ ಗಂಡಸಿನ ಗೀಳು ಕೆಲಸದ ವೇಳೆಗೆ ಅಡ್ಡಬಂದಾಗ ಪರಿಸ್ಥಿತಿ ಬದಲಾಗುತ್ತದೆ. ಪಾಳಿಗೆ ತಡವಾದರೆ, ವರ್ಕ್‌ಷಾಪಿನಲ್ಲಿ ಒಂದೇ ಅಳತೆಯನ್ನು ಹತ್ತು ಸಲ ತೆಗೆದು ಉತ್ಪಾದನೆ ನಿಂತರೆ, ವಿದ್ಯಾರ್ಥಿ ಒಂದೇ ಪುಟದಲ್ಲಿ ಸಿಕ್ಕಿಕೊಂಡು ಪರೀಕ್ಷೆ ಕೈತಪ್ಪಿದರೆ ಸಂಬಳಕ್ಕೂ ಭವಿಷ್ಯಕ್ಕೂ ಪೆಟ್ಟು ಬೀಳುತ್ತದೆ. ಆಗ ಮನೆಯವರು ವೈದ್ಯರನ್ನು ಹುಡುಕುತ್ತಾರೆ. ಹೆಂಗಸಿನ ಗೀಳು ಮನೆಗೆಲಸದಲ್ಲೇ ಕರಗಿರುವುದರಿಂದ ಅದರ ನಷ್ಟವನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಭಾರತದ ಆಸ್ಪತ್ರೆಗಳಲ್ಲಿ ಗಂಡಸರು ಹೆಚ್ಚಾಗಿ ಕಾಣುವುದರ ಒಂದು ಕಾರಣ ಇಲ್ಲಿದೆ.

ಗಂಡಸರಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ರೂಪ ಧಾರ್ಮಿಕ ಸ್ವರೂಪದ ನಿಷಿದ್ಧ ಆಲೋಚನೆ. ಗರ್ಭಗುಡಿಯ ಎದುರು ನಿಂತಾಗ ದೇವರ ಬಗೆಗೇ ಅಶ್ಲೀಲ ಮಾತು ಮನಸ್ಸಿಗೆ ಬರುತ್ತದೆ. ಬಂದದ್ದನ್ನು ಅಳಿಸಲು ಜಪ, ಪ್ರದಕ್ಷಿಣೆ, ತಪ್ಪುಕಾಣಿಕೆ. ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ. ಹೊರಗಿನಿಂದ ನೋಡುವವರಿಗೆ ಇದು ಭಕ್ತಿಯ ಹೆಚ್ಚಳವಾಗಿ ಕಾಣುತ್ತದೆ. ಒಳಗಿನ ವ್ಯಕ್ತಿ ತನ್ನನ್ನು ಮಹಾಪಾಪಿಯೆಂದು ಭಾವಿಸಿ ಯಾರಿಗೂ ಹೇಳುವುದಿಲ್ಲ. ಸಿಗ್ಮಂಡ್ ಫ್ರಾಯ್ಡ್ 1907ರ ಪ್ರಬಂಧವೊಂದರಲ್ಲಿ ಗೀಳಿನ ಕ್ರಿಯೆಗಳನ್ನೂ ಧಾರ್ಮಿಕ ಆಚರಣೆಗಳನ್ನೂ ಹೋಲಿಸಿದ್ದುಂಟು. ಆದರೆ ಹೋಲಿಕೆ ಇರುವುದು ಹೊರರೂಪದಲ್ಲಿ ಮಾತ್ರ. ಭಕ್ತನಿಗೆ ಪ್ರದಕ್ಷಿಣೆ ಮುಗಿದಾಗ ಸಮಾಧಾನವಾಗುತ್ತದೆ. ಗೀಳಿನವನಿಗೆ ಪ್ರದಕ್ಷಿಣೆ ಮುಗಿದಾಗ ಅನುಮಾನ ಹುಟ್ಟುತ್ತದೆ.

ಮನೆಯ ಯಜಮಾನನ ಗೀಳು ಹಲವು ವೇಳೆ ಮನೆಯ ಕಟ್ಟಳೆಯಾಗಿ ಮಾರ್ಪಡುತ್ತದೆ. ಅವನು ಹೊರಗಿನಿಂದ ತಂದದ್ದನ್ನೆಲ್ಲ ತೊಳೆಯಬೇಕಾದವಳು ಹೆಂಡತಿ. ಬಾಗಿಲು ಭದ್ರವಾಗಿದೆಯೆಂದು ಪ್ರತಿ ರಾತ್ರಿ ಮಾತು ಕೊಡಬೇಕಾದವಳು ಮಗಳು. ಗಂಡಸಿನ ಗೀಳನ್ನು ಹೆಂಗಸಿನ ಕೈ ನಡೆಸಿಕೊಡುತ್ತದೆ. ಅತ್ತೆಯ ಗೀಳಿಗೂ ಇಂತಹದೇ ರಿಯಾಯಿತಿ ಉಂಟು. ಅದು ‘ನಮ್ಮ ಮನೆಯ ಪದ್ಧತಿ’ ಎನಿಸಿಕೊಳ್ಳುತ್ತದೆ. ಸೊಸೆಯಲ್ಲಿ ಅದೇ ನಡವಳಿಕೆ ಕಂಡರೆ ಅದು ಹಟಮಾರಿತನವಾಗಿ, ತವರಿಗೆ ಕಳಿಸುವ ಕಾರಣವಾಗಿ ಪರಿಣಮಿಸಬಹುದು. ಆದುದರಿಂದ ವ್ಯತ್ಯಾಸವನ್ನು ಗಂಡು-ಹೆಣ್ಣು ಎಂಬ ಎರಡೇ ಕಂಬಗಳಲ್ಲಿ ಬರೆದರೆ ಸಾಲದು. ಮನೆಯೊಳಗಿನ ಸ್ಥಾನಮಾನವೂ ಅದರಲ್ಲಿ ಸೇರಬೇಕು.

6. ಬಾಣಂತಿಯ ಕೋಣೆ

ಹೆಂಗಸರಲ್ಲಿ ಮಾತ್ರ ಕಾಣುವ ಒಂದು ಸಂದರ್ಭ ವಿಶೇಷ ಗಮನಕ್ಕೆ ಅರ್ಹವಾಗಿದೆ. ಹೆರಿಗೆಯ ಅನಂತರ ಕೆಲವು ತಾಯಂದಿರಿಗೆ ತಮ್ಮ ಕೈಯಿಂದಲೇ ಮಗುವಿಗೆ ಅಪಾಯವಾಗುತ್ತದೆ ಎಂಬ ಆಲೋಚನೆ ಬಲವಂತವಾಗಿ ನುಗ್ಗುತ್ತದೆ. ಅದು ಅವರ ಇಚ್ಛೆಯಲ್ಲ. ಅವರನ್ನು ನಡುಗಿಸುವ ಭಯ. ಆ ಭಯದಿಂದ ಅವರು ಮಗುವನ್ನು ಎತ್ತಿಕೊಳ್ಳಲು, ಸ್ನಾನ ಮಾಡಿಸಲು, ಒಬ್ಬರೇ ಇರಲು ಹಿಂಜರಿಯುತ್ತಾರೆ. ನಮ್ಮ ಬಾಣಂತನದ ಪದ್ಧತಿಯಲ್ಲಿ ದೃಷ್ಟಿ-ಗಾಳಿಗಳಿಂದ ರಕ್ಷಣೆಗಾಗಿ ಬಾಣಂತಿಯ ಹಾಸಿಗೆಯ ಬಳಿ ಕಬ್ಬಿಣದ ವಸ್ತುವನ್ನು, ಕುಡುಗೋಲನ್ನೋ ಅಡಕತ್ತರಿಯನ್ನೋ ಇರಿಸುವ ವಾಡಿಕೆ ಹಲವು ಸಮುದಾಯಗಳಲ್ಲಿದೆ. ಮನೆಯವರಿಗೆ ಅಭಯವಾದ ಆ ವಸ್ತುವೇ ಇಂತಹ ತಾಯಿಗೆ ಭಯದ ಮೂಲವಾಗಬಲ್ಲದು. ಅದನ್ನು ದೂರವಿಡಿ ಎಂದು ಅವಳು ಕೇಳಿದರೆ ಕಾರಣ ಹೇಳಬೇಕಾಗುತ್ತದೆ. ಕಾರಣ ಹೇಳಿದರೆ ತಾಯಿಯೇ ಅಲ್ಲ ಎನಿಸಿಕೊಳ್ಳಬೇಕಾಗುತ್ತದೆ. ಹಾಗಾಗಿ ಅವಳು ಸುಮ್ಮನಿರುತ್ತಾಳೆ.

ಜನಪದರು ‘ಬಾಣಂತಿ ಸನ್ನಿ’ ಎಂದು ಕರೆಯುವ, ವಾಸ್ತವದ ಅರಿವು ತಪ್ಪುವ ಸ್ಥಿತಿ ಇದಲ್ಲ. ಆ ಸ್ಥಿತಿಗೆ ತುರ್ತು ಚಿಕಿತ್ಸೆ ಬೇಕು. ಅದರಲ್ಲಿ ತಾಯಿಗೂ ಮಗುವಿಗೂ ಅಪಾಯವಿರಬಹುದು. ಗೀಳಿನಲ್ಲಾದರೋ ತಾಯಿಗೆ ಅರಿವು ಪೂರ್ಣವಾಗಿರುತ್ತದೆ. ಆ ಆಲೋಚನೆಯನ್ನು ಕಂಡು ಅವಳೇ ಎಲ್ಲರಿಗಿಂತ ಹೆಚ್ಚು ಹೇಸುತ್ತಾಳೆ. ಎರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿದರೆ ಗೀಳಿನ ತಾಯಿಯಿಂದ ಮಗುವನ್ನು ಅನಗತ್ಯವಾಗಿ ಅಗಲಿಸಿದಂತಾಗುತ್ತದೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ 1971ರಲ್ಲಿ ತೆರೆಗೆ ಬಂದ ಪುಟ್ಟಣ್ಣ ಕಣಗಾಲರ ‘ಶರಪಂಜರ’ ಹೆರಿಗೆಯ ಅನಂತರದ ಮನೋವ್ಯಾಧಿಯಿಂದ ಗುಣಹೊಂದಿ ಬಂದ ಹೆಣ್ಣನ್ನು ಮನೆ ಮತ್ತೆ ಒಪ್ಪದ ಕಥೆ. ಅಲ್ಲಿರುವುದು ಗೀಳಲ್ಲವಾದರೂ ಹೆಣ್ಣು ಯಾಕೆ ಬಾಯಿ ಬಿಡುವುದಿಲ್ಲ ಎಂಬ ಪ್ರಶ್ನೆಗೆ ಅದು ಉತ್ತರ ನೀಡುತ್ತದೆ. ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗ 2009ರಲ್ಲಿ ಆರಂಭವಾದದ್ದು ಈ ದೃಷ್ಟಿಯಿಂದ ಮಹತ್ವದ ಹೆಜ್ಜೆ.

7. ಕಣಜ ಮತ್ತು ಅಟ್ಟ

ಕೂಡಿಡುವುದು ಕೃಷಿಸಂಸ್ಕೃತಿಯ ಧರ್ಮವೇ ಆಗಿದೆ. ಹಳೆಯ ಮೈಸೂರಿನ ರಾಗಿಸೀಮೆಯಲ್ಲಿ ನೆಲದೊಳಗಿನ ಹಗೇವು, ಬಿದಿರಿನ ಕಣಜ, ಮಣ್ಣಿನ ವಾಡೆ, ಗುಡಾಣಗಳು ಬರಗಾಲವನ್ನು ಎದುರಿಸುವ ಸಾಧನಗಳಾಗಿದ್ದವು. ಹನಿಗೂಡಿ ಹಳ್ಳವಾಗುವ, ತೆನೆಗೂಡಿ ಬಳ್ಳವಾಗುವ ಗಾದೆಯ ವಿವೇಕ ಇಲ್ಲಿಯದು. ಆದರೆ ವಾಡೆಗೆ ಮೇಲೆ ಬಾಯಿ ಇದ್ದಂತೆ ಕೆಳಗೆ ಕಾಳು ತೆಗೆಯುವ ಕಿಂಡಿಯೂ ಇದೆ. ಬೀಜಕ್ಕೆ, ಊಟಕ್ಕೆ, ಆಯಗಾರರಿಗೆ, ಬೇಡಿ ಬಂದವರಿಗೆ ಧಾನ್ಯ ಹೊರಹೋಗಲೇಬೇಕು. ಕೂಡಿಡುವ ಗೀಳಿನಲ್ಲಿ ಈ ಕೆಳಗಿನ ಕಿಂಡಿ ಮುಚ್ಚಿಹೋಗಿರುತ್ತದೆ.

ನಗರದ ಮನೆಯಲ್ಲಿ ಕಣಜದ ಸ್ಥಾನವನ್ನು ಅಟ್ಟ, ಸಜ್ಜ, ಮಂಚದ ಕೆಳಗಿನ ಟ್ರಂಕುಗಳು ಪಡೆದುಕೊಂಡವು. ಇಲ್ಲಿ ಸಂಗ್ರಹವೂ ಲಿಂಗಭೇದಕ್ಕೆ ಒಳಗಾಗಿದೆ. ಹೆಂಗಸಿನ ಪಾಲಿಗೆ ಹಳೆಯ ಸೀರೆ, ಸ್ಟೀಲು ಪಾತ್ರೆ, ಡಬ್ಬಿ, ಪ್ಲಾಸ್ಟಿಕ್ ಚೀಲ, ಅರಿಶಿನ-ಕುಂಕುಮಕ್ಕೆ ಬಂದ ರವಿಕೆಕಣ, ದಸರೆಯ ಬೊಂಬೆ. ಗಂಡಸಿನ ಪಾಲಿಗೆ ಹಳೆಯ ಪತ್ರಿಕೆ, ರಸೀದಿ, ಕಾಗದಪತ್ರ, ತಂತಿ, ಕೆಟ್ಟ ರೇಡಿಯೊ, ನಟ್ಟು-ಬೋಲ್ಟು. ಕಾಮಾಕ್ಷಿಪಾಳ್ಯ, ರಾಜಾಜಿನಗರ ಕೈಗಾರಿಕಾ ಪ್ರದೇಶಗಳ ಲೇತು-ವರ್ಕ್‌ಷಾಪುಗಳ ಸಂಸ್ಕೃತಿಯಲ್ಲಿ ‘ಯಾವತ್ತಾದರೂ ಬೇಕಾದೀತು’ ಎಂಬುದು ಕುಶಲಕರ್ಮಿಯ ಜಾಣ್ಮೆಯ ಮಾತು. ಅದೇ ಮಾತು ರೋಗದ ಸಮರ್ಥನೆಯೂ ಆಗಬಲ್ಲದು.

ಹೊರಹೋಗುವ ದಾರಿಗಳೂ ಬೇರೆ ಬೇರೆ. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಬೀದಿ ವ್ಯಾಪಾರಿಯೊಡನೆ ಚೌಕಾಶಿ ಮಾಡುವವಳು ಗೃಹಿಣಿ. ಪತ್ರಿಕೆ-ಕಬ್ಬಿಣಗಳನ್ನು ಗುಜರಿಗೆ ತೂಗಿಸುವವನು ಹೆಚ್ಚಾಗಿ ಗಂಡಸು. ಬಟ್ಟೆ ಕೊಟ್ಟು ಪಾತ್ರೆ ಪಡೆಯುವ ವಿನಿಮಯದಲ್ಲಿ ವಸ್ತು ಹೋದರೂ ಬೆಲೆ ಮನೆಯಲ್ಲೇ ಉಳಿಯಿತೆಂಬ ನೆಮ್ಮದಿಯಿದೆ. ಸಂಕ್ರಾಂತಿ, ಯುಗಾದಿ, ಆಯುಧಪೂಜೆಗಳ ಮುನ್ನ ಮನೆಯನ್ನು ಗುಡಿಸಿ ಸಾರಿಸುವ ಪದ್ಧತಿ ವರ್ಷಕ್ಕೆ ಕೆಲವು ಬಾರಿಯಾದರೂ ಕೆಳಗಿನ ಕಿಂಡಿಯನ್ನು ತೆರೆಯುತ್ತದೆ. ಆ ದಿನಗಳಲ್ಲೂ ಒಂದು ವಸ್ತುವನ್ನೂ ಹೊರಹಾಕಲಾಗದೆ ಅಳುವ, ಕೆರಳುವ ವ್ಯಕ್ತಿಯಿದ್ದರೆ ಅದನ್ನು ಜಿಪುಣತನವೆಂದು ತಳ್ಳಿಹಾಕಬಾರದು. ಜಿಪುಣ ಬೆಲೆಯುಳ್ಳದ್ದನ್ನು ಕೂಡಿಡುತ್ತಾನೆ. ಗೀಳಿಗೆ ಬೆಲೆಯ ವಿವೇಚನೆಯಿಲ್ಲ.

ಈ ವಿಷಯದಲ್ಲಿಯೂ ಮನೆಯ ಕಣ್ಣು ಗಂಡಸಿಗೆ ಉದಾರವಾಗಿದೆ. ಕೋಣೆ ತುಂಬ ಪತ್ರಿಕೆ ಒಟ್ಟಿದವನು ‘ವಿದ್ವಾಂಸ’ನೋ ‘ಸಂಗ್ರಹಕಾರ’ನೋ ಆಗುತ್ತಾನೆ; ಅಡುಗೆಮನೆ ತುಂಬಿಸಿದವಳು ‘ಸಂಸಾರ ನಡೆಸಲು ಬಾರದವಳು’ ಆಗುತ್ತಾಳೆ. ಮನೆಯ ಅಂದದ ಹೊಣೆ ಹೆಣ್ಣಿನದೆಂಬ ನಂಬಿಕೆಯಿಂದ ಗಂಡಸು ತುಂಬಿಸಿದ ಕಸಕ್ಕೂ ನಾಚಿಕೆಪಡಬೇಕಾದವಳು ಅವಳೇ. ಪಾಶ್ಚಾತ್ಯ ದೇಶಗಳಲ್ಲಿ ಈ ರೋಗಕ್ಕೆ ಚಿಕಿತ್ಸೆ ಕೇಳಿ ಬರುವವರಲ್ಲಿ ಹೆಂಗಸರೇ ಹೆಚ್ಚಾಗಿರುವುದನ್ನು ಅರ್ಥಮಾಡಿಕೊಳ್ಳಲು ಈ ನಾಚಿಕೆಯ ಹಂಚಿಕೆಯೂ ಒಂದು ಕೀಲಿಕೈ ಆಗಬಹುದು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1947ರಲ್ಲಿ ತಾವೇ ಕೂಡಿಟ್ಟ ರಾಶಿಗಳ ನಡುವೆ ಸತ್ತು ಸಿಕ್ಕಿದ ಕಾಲಿಯರ್ ಸೋದರರು ಅಮೆರಿಕದ ಜನಕಥನದಲ್ಲಿ ವಿಲಕ್ಷಣ ವ್ಯಕ್ತಿಗಳಾಗಿ ಉಳಿದರು. ಚಿಕಿತ್ಸೆ ಬೇಕಾಗಿದ್ದ ರೋಗಿಗಳಾಗಿ ಅಲ್ಲ.

8. ಆಚರಣೆ ಮತ್ತು ಗೀಳು: ವಿಂಗಡಿಸುವ ಗೆರೆ

ಮೇಲಿನ ವಿವೇಚನೆಯಿಂದ ಆಚರಣೆ ಮತ್ತು ರೋಗಗಳನ್ನು ಬೇರ್ಪಡಿಸಲು ಮೂರು ಅಂಶಗಳು ದೊರೆಯುತ್ತವೆ.

ಮೊದಲನೆಯದು ಮುಕ್ತಾಯ. ಆಚರಣೆ ಮುಗಿಯುತ್ತದೆ, ಮುಗಿಯಿತೆಂದು ಎಲ್ಲರಿಗೂ ತಿಳಿಯುತ್ತದೆ. ಗೀಳು ದಣಿವಿನಿಂದ ನಿಲ್ಲುತ್ತದೆಯೇ ಹೊರತು ಮುಗಿಯುವುದಿಲ್ಲ.

ಎರಡನೆಯದು ಸಹಭಾಗಿತ್ವ. 1990ರ ದಶಕದಲ್ಲಿ ಬೆಂಗಳೂರಿನ ಅನೇಕ ಬಡಾವಣೆಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ಬಾಗಿಲು ತಟ್ಟುವ ಹೆಣ್ಣುದೆವ್ವದ ವದಂತಿಗೆ ಜನ ಕಂಡುಕೊಂಡ ರಕ್ಷೆ ಅದು. ಭಯ ಅವಾಸ್ತವವಾದರೂ ಬೀದಿಯೇ ಅದನ್ನು ಹಂಚಿಕೊಂಡಿತು. ಒಮ್ಮೆ ಬರೆದು ಜನ ಮಲಗಿದರು. ವದಂತಿ ಅಡಗಿತು, ಬರಹ ಮಾಸಿತು. ಗೀಳಿನ ವ್ಯಕ್ತಿಯ ರಕ್ಷೆಯಾದರೋ ಒಂಟಿಯದು, ಬಚ್ಚಿಟ್ಟದ್ದು, ಪ್ರತಿ ರಾತ್ರಿ ಹೊಸದಾಗಿ ಬರೆಯಬೇಕಾದದ್ದು.

ಮೂರನೆಯದು ಸಡಿಲಿಕೆ. ಎಂ.ಕೆ. ಇಂದಿರಾ ಅವರ 1976ರ ಕಾದಂಬರಿ ‘ಫಣಿಯಮ್ಮ’ದ ನಾಯಕಿ ಬಾಲ್ಯದಿಂದ ಕಟ್ಟುನಿಟ್ಟಿನ ಮಡಿಯಲ್ಲಿ ಬಾಳಿದ ವಿಧವೆ. ಆದರೂ ಹೆರಿಗೆಯ ಸಂಕಟದಲ್ಲಿದ್ದ ಅಸ್ಪೃಶ್ಯ ಜಾತಿಯ ಹೆಣ್ಣಿಗೆ ನೆರವಾಗಲು ಅವಳು ಹೋಗುತ್ತಾಳೆ. ಆಚರಣೆಯವಳು ದೊಡ್ಡ ಅಗತ್ಯದ ಎದುರು ನಿಯಮವನ್ನು ಬದಿಗಿಡಬಲ್ಲಳು. ಗೀಳಿನವಳಿಗೆ ಅಳುವ ಮಗುವೂ ಕೈ ತೊಳೆಯುವುದು ಮುಗಿಯುವವರೆಗೆ ಕಾಯಬೇಕು. ಅದಕ್ಕಾಗಿ ಅವಳ ಕರುಳು ಹರಿಯುತ್ತಿದ್ದರೂ ಕಾಯಬೇಕು.

ಕೋವಿಡ್ ಕಾಲ ಈ ಗೆರೆಯನ್ನು ಪರೀಕ್ಷೆಗೆ ಒಡ್ಡಿತು. 2020ರಲ್ಲಿ ಕೈ ತೊಳೆಯುವುದು ಎಲ್ಲರ ಕರ್ತವ್ಯವಾಯಿತು; ತರಕಾರಿ, ಹಾಲಿನ ಪೊಟ್ಟಣಗಳೂ ತೊಳೆಯಲ್ಪಟ್ಟವು. ಭಯ ಇಳಿದಂತೆ ಬಹುತೇಕ ಮನೆಗಳು ಆ ಪದ್ಧತಿಯನ್ನು ಬಿಟ್ಟವು. ಬಿಡಲಾಗದೆ ಉಳಿದವರಿದ್ದರೆ ಅವರ ತೊಂದರೆಯನ್ನು ವಿಷಾಣುವಿನ ಭಯವೊಂದರಿಂದಲೇ ವಿವರಿಸಲಾಗದು.

9. ಉಪಸಂಹಾರ

ಗೀಳು ಮನೋರೋಗಕ್ಕೆ ಪರಿಣಾಮಕಾರಿಯಾದ ಚಿಕಿತ್ಸೆಯಿದೆ. ಸೆರೊಟೋನಿನ್ ಮೇಲೆ ಕೆಲಸ ಮಾಡುವ ಔಷಧಿಗಳು ಒಂದು ಮಾರ್ಗ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ತೋರಿಸಿದ, ಭಯದ ವಸ್ತುವನ್ನು ಹಂತಹಂತವಾಗಿ ಎದುರಿಸಿ ಪರಿಹಾರಕ್ರಿಯೆಯನ್ನು ತಡೆಹಿಡಿಯುವ ವರ್ತನಾಚಿಕಿತ್ಸೆ ಇನ್ನೊಂದು. ಕೂಡಿಡುವ ಗೀಳಿಗೆ ಔಷಧಿಯ ಪ್ರಯೋಜನ ಕಡಿಮೆ; ಆಯ್ದು ಬಿಡುವ ಅಭ್ಯಾಸವನ್ನು ನಿಧಾನವಾಗಿ ಕಲಿಸುವ ಚಿಕಿತ್ಸೆಯೇ ಮುಖ್ಯ. ಮನೆಯವರು ಒಂದು ದಿನ ಎಲ್ಲವನ್ನೂ ಎತ್ತಿ ಹೊರಗೆಸೆದರೆ ರೋಗ ವಾಸಿಯಾಗುವುದಿಲ್ಲ, ನಂಬಿಕೆ ಮುರಿಯುತ್ತದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯ ಮೂಲಕ ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯಿಂದ ಹೊರಬರಲಾಗದ ಹೆಂಗಸಿಗೆ ಇದು ಸಣ್ಣ ಅನುಕೂಲವಲ್ಲ.

ಈ ಚಿಕಿತ್ಸೆಗಳಿಗೆ ಜಾನಪದ ಅಧ್ಯಯನ ಕೊಡಬಹುದಾದದ್ದೇನು? ವರ್ತನಾಚಿಕಿತ್ಸೆಯಲ್ಲಿ ‘ಎಷ್ಟು ಸಾಕು’ ಎಂಬ ಅಳತೆ ಬೇಕು. ಮಡಿಯ ಕುಟುಂಬದಿಂದ ಬಂದವಳಿಗೆ ಮಡಿಯನ್ನೇ ಬಿಡು ಎಂದರೆ ಅವಳು ಚಿಕಿತ್ಸೆಯನ್ನು ಬಿಡಬಹುದು. ಆ ಸಮುದಾಯದ ಸಾಮಾನ್ಯ ಕಟ್ಟಳೆ ಎಲ್ಲಿಗೆ ಮುಗಿಯುತ್ತದೆ ಎಂಬ ದಾಖಲೆ ಇದ್ದರೆ ಅದನ್ನೇ ಮೊದಲ ಗುರಿಯಾಗಿಸಬಹುದು. ಯಾವ ಸಮುದಾಯದಲ್ಲಿ, ಯಾವ ಪದದಿಂದ, ಯಾರನ್ನು ಕುರಿತು, ಯಾವ ವಯಸ್ಸಿನಲ್ಲಿ ಈ ನಡವಳಿಕೆಗಳನ್ನು ಹೆಸರಿಸುತ್ತಾರೆ ಎಂಬ ಪದಕೋಶವೊಂದು ಪಶ್ಚಿಮ ಬೆಂಗಳೂರಿನಂತಹ ಬೆರಕೆ ನೆಲೆಗಳಿಂದ ಸಿದ್ಧವಾಗಬೇಕಾಗಿದೆ. ನಮ್ಮ ಜಾನಪದ ಸಂಗ್ರಹಗಳು ಹಬ್ಬ, ವ್ರತ, ಮಡಿಗಳ ವಿಧಿಗಳನ್ನು ವಿಸ್ತಾರವಾಗಿ ದಾಖಲಿಸಿವೆ. ಆ ವಿಧಿಗಳಲ್ಲಿ ಸಿಕ್ಕಿಬಿದ್ದು ಹೊರಬರಲಾಗದವರ ಅನುಭವಗಳನ್ನು ದಾಖಲಿಸಿದ್ದು ವಿರಳ.

ಹೆಣ್ಣು ತೊಳೆಯುತ್ತಾಳೆ, ಗಂಡು ಪರೀಕ್ಷಿಸುತ್ತಾನೆ ಎಂಬಲ್ಲಿಗೆ ವಿವರಣೆ ನಿಂತರೆ ಅದು ಅರ್ಧಸತ್ಯ. ಆರಂಭದ ವಯಸ್ಸು, ಬಾಣಂತನದ ಪ್ರಭಾವ ಮುಂತಾದವುಗಳಲ್ಲಿ ದೇಹದ ಪಾಲಿದೆ. ಆದರೆ ಒಬ್ಬಳ ರೋಗ ‘ಗುಣ’ವಾಗಿ ಹತ್ತು ವರ್ಷ ಉಳಿಯುವುದಕ್ಕೂ ಒಬ್ಬನ ರೋಗ ‘ಜವಾಬ್ದಾರಿ’ಯಾಗಿ ಮನೆಯನ್ನು ಆಳುವುದಕ್ಕೂ ದೇಹ ಕಾರಣವಲ್ಲ, ನಾವು ಕೊಟ್ಟ ಹೆಸರುಗಳು ಕಾರಣ. ‘ಮಡಿಹುಚ್ಚು’ ಎಂಬ ಮಾತು ಬಾಯಿಗೆ ಬಂದ ದಿನವೇ, ತೊಳೆಯುವುದು ನಿನಗೆ ಇಷ್ಟವೋ ಅಥವಾ ನಿಲ್ಲಿಸಲಾಗುತ್ತಿಲ್ಲವೋ ಎಂದು ಮನೆಯವರು ಅವಳನ್ನು ಕೇಳಿದರೆ, ಚಿಕಿತ್ಸೆಯಿಲ್ಲದೆ ಕಳೆದುಹೋಗುವ ವರ್ಷಗಳು ಎಷ್ಟೋ ಕಡಿಮೆಯಾಗುತ್ತವೆ.